ಖಾಲಿ ಬಿಟ್ಟ ಉತ್ತರಕ್ಕೆ ಸೊನ್ನೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ವಿದ್ಯಾರ್ಥಿಗಳಲ್ಲಿ ಶೇಕಡಾ ಇಷ್ಟು ಖಿನ್ನತೆ, ಐಟಿ ನೌಕರರಲ್ಲಿ ಶೇಕಡಾ ಇಷ್ಟು ಆತಂಕ ಎಂಬ ಸಮೀಕ್ಷಾ ವರದಿಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಎಷ್ಟು ಜನರನ್ನು ಕೇಳಿದರು, ಯಾವ ಊರಿನಲ್ಲಿ ಕೇಳಿದರು ಎಂಬ ವಿವರವಾದರೂ ಅವುಗಳಲ್ಲಿ ಇರುತ್ತದೆ. ಎಷ್ಟು ಪ್ರಶ್ನೆಗಳಿಗೆ ಉತ್ತರವೇ ಬರಲಿಲ್ಲ, ಆ ಖಾಲಿ ಜಾಗಗಳನ್ನು ಏನು ಮಾಡಿದರು ಎಂಬುದು ವರದಿಯಲ್ಲೂ ಇರುವುದಿಲ್ಲ, ಬಹಳಷ್ಟು ಸಲ ಅದಕ್ಕೆ ಮೂಲವಾದ ಪ್ರಬಂಧದಲ್ಲೂ ಇರುವುದಿಲ್ಲ. ಮನಃಶಾಸ್ತ್ರದ ಮಾಪನ ಮತ್ತು ಸಂಖ್ಯಾಶಾಸ್ತ್ರ ಕಲಿಸುವ ನಮಗೆ ಈ ಮೌನ ದೊಡ್ಡ ಕೊರತೆಯಾಗಿ ಕಾಣುತ್ತದೆ. ಏಕೆಂದರೆ ತಲೆಬರಹಕ್ಕೆ ಏರುವ ಆ ಶೇಕಡಾವಾರು ಅಂಕಿ ಎಷ್ಟೋ ಸಲ ಈ ಖಾಲಿ ಜಾಗಗಳ ಲೆಕ್ಕಾಚಾರದಲ್ಲೇ ಮೇಲಕ್ಕೋ ಕೆಳಕ್ಕೋ ಹೋಗಿರುತ್ತದೆ.

ಪಿಎಚ್‌ಕ್ಯೂ-9 ಎಂಬ ಖಿನ್ನತೆಯ ಪ್ರಶ್ನಾವಳಿಯನ್ನೇ ನೋಡಿ. ಕ್ರೋಂಕೆ, ಸ್ಪಿಟ್ಜರ್, ವಿಲಿಯಮ್ಸ್ ಅವರು 2001ರಲ್ಲಿ ಪ್ರಕಟಿಸಿದ ಇದು ಚಿಕ್ಕದು, ಉಚಿತವಾಗಿ ಸಿಗುವಂಥದ್ದು, ಹಾಗಾಗಿ ಎಂ.ಎಸ್ಸಿ. ಪ್ರಬಂಧದಿಂದ ಹಿಡಿದು ಆಸ್ಪತ್ರೆಯ ಹೊರರೋಗಿ ವಿಭಾಗದವರೆಗೆ ಎಲ್ಲ ಕಡೆ ಬಳಕೆಯಲ್ಲಿದೆ. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಗರಿಷ್ಠ 27. ಒಟ್ಟು 10 ಅಥವಾ ಅದಕ್ಕಿಂತ ಹೆಚ್ಚು ಬಂದವರನ್ನು ಮುಂದಿನ ತಪಾಸಣೆಗೆ ಕಳಿಸಬೇಕೆಂಬುದು ರೂಢಿಯಲ್ಲಿರುವ ಗಡಿ. ಒಬ್ಬರು ಎಂಟಕ್ಕೆ ಉತ್ತರಿಸಿ ಒಂದನ್ನು ಬಿಟ್ಟಿದ್ದಾರೆ, ಎಂಟರ ಮೊತ್ತ 9 ಎಂದಿಟ್ಟುಕೊಳ್ಳಿ. ಖಾಲಿ ಜಾಗಕ್ಕೆ ಸೊನ್ನೆ ಹಾಕಿದರೆ ಒಟ್ಟು 9. ಅವರು ಗಡಿಯ ಕೆಳಗೆ. ಅವರದೇ ಎಂಟು ಉತ್ತರಗಳ ಸರಾಸರಿಯಾದ 1.125 ಹಾಕಿದರೆ ಒಟ್ಟು 10.125, ಗಡಿ ದಾಟಿದರು. ಹಾಳೆಯನ್ನೇ ಪಕ್ಕಕ್ಕಿಟ್ಟರೆ ಅವರು ಸಮೀಕ್ಷೆಯಲ್ಲೇ ಇಲ್ಲ. ಕಾಗದ ಒಂದೇ, ಟಿಕ್ ಮಾರ್ಕುಗಳೂ ಅವೇ. ಗಡಿಯ ಆಸುಪಾಸಿನಲ್ಲಿ ಇಂಥವರು ನೂರಕ್ಕೆ ನಾಲ್ಕೈದು ಮಂದಿ ಇದ್ದರೂ ಸಾಕು, ನಾಳೆಯ ಪತ್ರಿಕೆಯ ಅಂಕಿ ಬದಲಾಗುತ್ತದೆ.

ಈ ಪ್ರಶ್ನಾವಳಿಯ ಕೈಪಿಡಿಯಲ್ಲೇ ನಿಯಮವಿದೆ: ಒಂದು ಅಥವಾ ಎರಡು ಉತ್ತರ ಇಲ್ಲದಿದ್ದರೆ ಉಳಿದವುಗಳ ಸರಾಸರಿಯನ್ನು ಅಲ್ಲಿಗೆ ಹಾಕಬಹುದು, ಎರಡಕ್ಕಿಂತ ಹೆಚ್ಚು ಇಲ್ಲದಿದ್ದರೆ ಆ ಹಾಳೆಗೆ ಅಂಕ ಕೊಡಬಾರದು. ನಿಯಮ ಸರಳವಾಗಿದೆ, ಆದರೆ ಕಣ್ಣುಮುಚ್ಚಿ ಅನ್ವಯಿಸುವಂತಿಲ್ಲ. ಬದುಕುವುದಕ್ಕಿಂತ ಸಾಯುವುದೇ ಮೇಲು ಎನ್ನಿಸಿತೇ ಎಂದು ಕೇಳುವ ಒಂಬತ್ತನೆಯ ಪ್ರಶ್ನೆಗೆ ಹೆಚ್ಚಿನವರ ಉತ್ತರ ಸೊನ್ನೆಯೇ ಆಗಿರುತ್ತದೆ. ಅದು ಖಾಲಿ ಇದ್ದಾಗ 1.125 ತುಂಬಿದರೆ ಸಮೀಕ್ಷೆಯ ಮಟ್ಟದಲ್ಲಿ ಅಂಕ ಉಬ್ಬುತ್ತದೆ. ನಿದ್ದೆ ಅಥವಾ ಸುಸ್ತಿನ ಪ್ರಶ್ನೆ ಖಾಲಿ ಇದ್ದಾಗ ಹೀಗೇ ತುಂಬಿದರೆ ಅಂಕ ಕುಗ್ಗುವ ಸಂಭವ ಹೆಚ್ಚು, ಏಕೆಂದರೆ ಆ ಪ್ರಶ್ನೆಗಳಿಗೆ ಜನ ಸಾಮಾನ್ಯವಾಗಿ ಹೆಚ್ಚು ಅಂಕ ಹಾಕುತ್ತಾರೆ. ಇನ್ನು ಚಿಕಿತ್ಸೆಯ ಸಂದರ್ಭದಲ್ಲಿ ಒಂಬತ್ತನೆಯ ಪ್ರಶ್ನೆಯನ್ನು ಯಾವ ಸೂತ್ರದಿಂದಲೂ ತುಂಬಕೂಡದು. ಖಾಲಿ ಕಂಡ ಕೂಡಲೇ, ವ್ಯಕ್ತಿ ಎದುರಿಗೆ ಇರುವಾಗಲೇ, ಬಾಯಿಬಿಟ್ಟು ಕೇಳಬೇಕು. ಹಾಳೆ ವಾಪಸ್ ಪಡೆಯುವಾಗ ಅರ್ಧ ನಿಮಿಷ ಕಣ್ಣಾಡಿಸುವ ಅಭ್ಯಾಸ ಮುಂದಿನ ಎಷ್ಟೋ ಲೆಕ್ಕಾಚಾರವನ್ನು ಉಳಿಸುತ್ತದೆ. ಈ ಅರ್ಧ ನಿಮಿಷಕ್ಕೆ ಸಾಟಿಯಾದ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ.

ಸೊನ್ನೆ ಹಾಕುವ ಚಾಳಿ ನಮಗೆ ಪರೀಕ್ಷೆಗಳಿಂದ ಬಂದಿರಬೇಕು. ಸಿಇಟಿಯಲ್ಲಿ ಬಿಟ್ಟ ಪ್ರಶ್ನೆಗೂ ತಪ್ಪು ಉತ್ತರಕ್ಕೂ ಸಿಗುವುದು ಸೊನ್ನೆಯೇ. ನೀಟ್‌ನಲ್ಲಿ ಸರಿ ಉತ್ತರಕ್ಕೆ 4, ತಪ್ಪಿಗೆ ಒಂದು ಅಂಕ ಕಡಿತ, ಬಿಟ್ಟದ್ದಕ್ಕೆ ಸೊನ್ನೆ. ಅಲ್ಲಿ ಸೊನ್ನೆ ಎಂದರೆ ಅಂಕ ಸಿಗಲಿಲ್ಲ ಎಂದಷ್ಟೇ. ಖಿನ್ನತೆಯ ಮಾಪಕದಲ್ಲಿ ಸೊನ್ನೆ ಎಂದರೆ ‘ಆ ತೊಂದರೆ ನನಗೆ ಇಲ್ಲವೇ ಇಲ್ಲ’ ಎಂಬ ಸ್ಪಷ್ಟ ಹೇಳಿಕೆ. ಆ ಹೇಳಿಕೆಯನ್ನು ವ್ಯಕ್ತಿ ಕೊಟ್ಟೇ ಇಲ್ಲ, ನಾವು ಅವರ ಪರವಾಗಿ ಬರೆದುಬಿಡುತ್ತೇವೆ.

ಅನೇಕ ಸಲ ಇದು ಯಾರೂ ತೀರ್ಮಾನಿಸದೆಯೇ, ಕಂಪ್ಯೂಟರಿನಲ್ಲಿ ತಾನಾಗಿ ನಡೆದುಹೋಗುತ್ತದೆ. ಎಕ್ಸೆಲ್‌ನ ಮೊತ್ತದ ಸೂತ್ರ ಖಾಲಿ ಕೋಶವನ್ನು ಬಿಟ್ಟು ಕೂಡಿಸುತ್ತದೆ, ಅಂದರೆ ಪರಿಣಾಮದಲ್ಲಿ ಅದಕ್ಕೆ ಸೊನ್ನೆ ಹಾಕಿದಂತೆಯೇ. ತಿರುಗುಮುರುಗು ಪ್ರಶ್ನೆಗಳಲ್ಲಿ, ಅಂದರೆ ಉಳಿದವುಗಳಿಗೆ ವಿರುದ್ಧ ದಿಕ್ಕಿನಲ್ಲಿ ಕೇಳಿದ್ದರಿಂದ ಅಂಕ ತಿರುಗಿಸಬೇಕಾದವುಗಳಲ್ಲಿ, ಅಪಾಯ ಇನ್ನೂ ದೊಡ್ಡದು. 0ಯಿಂದ 3ರ ಮಾಪಕದಲ್ಲಿ ಅಂಕ ತಿರುಗಿಸಲು ‘3ರಲ್ಲಿ ಈ ಕೋಶವನ್ನು ಕಳೆ’ ಎಂಬ ಸೂತ್ರ ಬರೆದು ಕೆಳಗೆ ಎಳೆಯುತ್ತಾರೆ. ಕೋಶ ಖಾಲಿ ಇದ್ದರೆ ಎಕ್ಸೆಲ್ ಅದನ್ನು ಸೊನ್ನೆ ಎಂದು ಎಣಿಸಿ ಉತ್ತರ 3 ಎನ್ನುತ್ತದೆ. ಉತ್ತರಿಸದ ವ್ಯಕ್ತಿಗೆ ಗರಿಷ್ಠ ಅಂಕ! ನೋಡುವವರಿಗೆ ಅದು ತೀರಾ ಸಹಜವಾದ ಸಂಖ್ಯೆಯಂತೆಯೇ ಕಾಣುತ್ತದೆ. 1ರಿಂದ 5ರ ಮಾಪಕದಲ್ಲಿ ಇದೇ ತಪ್ಪು 6 ಎಂಬ ಅಸಾಧ್ಯ ಅಂಕವನ್ನು ಕೊಡುವುದರಿಂದ ಅಲ್ಲಿ ಸಿಕ್ಕಿಬೀಳುವ ಅವಕಾಶವಾದರೂ ಇದೆ. ಖಾಲಿ ಜಾಗಕ್ಕೆ 99 ಎಂದು ಕೋಡ್ ಹಾಕಿ, ಅದು ‘ಉತ್ತರ ಇಲ್ಲ’ ಎಂಬುದರ ಗುರುತು ಎಂದು ಎಸ್‌ಪಿಎಸ್‌ಎಸ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶಕ್ಕೆ ತಿಳಿಸುವುದನ್ನು ಮರೆತರೆ ಸರಾಸರಿ ಆಕಾಶಕ್ಕೆ ಏರುತ್ತದೆ. ಅದನ್ನೇ 6ರಲ್ಲಿ ಕಳೆದರೆ -93 ಬರುತ್ತದೆ. 7 ಅಂಕಗಳ ಮಾಪಕಕ್ಕೆ 9 ಎಂಬ ಕೋಡ್ ಆರಿಸಿಕೊಂಡವರ ಪಾಡು ಇದಕ್ಕಿಂತ ಕಷ್ಟ, ಏಕೆಂದರೆ ಆ ತಪ್ಪು ಸದ್ದು ಮಾಡುವುದಿಲ್ಲ. ಆರ್ ತಂತ್ರಾಂಶದಲ್ಲಿ ಸಾಲುಗಳನ್ನು ಕೂಡುವಾಗ ‘ಇಲ್ಲದ್ದನ್ನು ಬಿಡು’ ಎಂದು ಹೇಳಿದರೆ, ಒಂದಕ್ಕೂ ಉತ್ತರಿಸದವರ ಮೊತ್ತವೂ ಸೊನ್ನೆ ಎಂದೇ ಬರುತ್ತದೆ. ಪೂರ್ತಿ ಖಾಲಿ ಹಾಳೆ ಕೊಟ್ಟವರು ಪರಮ ಆರೋಗ್ಯವಂತರಾಗುವುದು ಹೀಗೆ.

ಆದ್ದರಿಂದ ಕ್ರಮ ತಪ್ಪಬಾರದು. ಮೊದಲು ಪ್ರತಿ ಪ್ರಶ್ನೆಯ ಕನಿಷ್ಠ, ಗರಿಷ್ಠ, ಖಾಲಿ ಸಂಖ್ಯೆ ಈ ಮೂರನ್ನೂ ತೆಗೆದು ನೋಡಬೇಕು. ಆಮೇಲೆ ಕೋಡ್‌ಗಳನ್ನು ಖಾಲಿ ಎಂದು ಗುರುತಿಸಬೇಕು, ನಂತರ ತಿರುಗುಮುರುಗು ಪ್ರಶ್ನೆಗಳನ್ನು ಸರಿಪಡಿಸಬೇಕು, ಆಮೇಲಷ್ಟೇ ಖಾಲಿ ತುಂಬುವ ಯೋಚನೆ, ಕೊನೆಗೆ ಮೊತ್ತ. ತಿರುಗಿಸುವ ಮೊದಲೇ ವ್ಯಕ್ತಿಯ ಸರಾಸರಿ ಹಾಕಿದರೆ ದುಃಖದ ಪ್ರಶ್ನೆಗೆ ಸಂತೋಷದ ಅಂಕ ಬಂದು ಕೂರುತ್ತದೆ. ಖಾಲಿಗಳಿಗೂ ಒಂದೇ ಕೋಡ್ ಸಾಲದು: ಪ್ರಶ್ನೆ ಬಿಟ್ಟವರಿಗೆ ಒಂದು, ‘ಗೊತ್ತಿಲ್ಲ’ ಎಂದವರಿಗೆ ಒಂದು, ‘ನನಗೆ ಅನ್ವಯಿಸದು’ ಎಂದವರಿಗೆ ಇನ್ನೊಂದು, ಎರಡು ಕಡೆ ಟಿಕ್ ಹಾಕಿದವರಿಗೆ ಮತ್ತೊಂದು. ಜೆರಾಕ್ಸ್ ಮಾಡುವಾಗ ಪುಟವೇ ಬಿಟ್ಟುಹೋಗಿದ್ದರೆ ಅದಕ್ಕೂ ಬೇರೆ. ಕೊನೆಗೆ ಎಲ್ಲವನ್ನೂ ಖಾಲಿ ಎಂದೇ ಎಣಿಸಿದರೂ, ಯಾವುದು ಏಕೆ ಖಾಲಿಯಾಯಿತು ಎಂಬ ಮಾಹಿತಿ ಆಮೇಲೆ ಎಲ್ಲಿಂದಲೂ ಸಿಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಜೀವನ ಗುಣಮಟ್ಟದ ಪ್ರಶ್ನಾವಳಿಯಲ್ಲಿ, ಅಂದರೆ ಡಬ್ಲ್ಯುಎಚ್‌ಒಕ್ಯೂಒಎಲ್-ಬ್ರೆಫ್‌ನಲ್ಲಿ, ನಮ್ಮ ನಾಡಿಗೆ ತೀರಾ ಹತ್ತಿರದ ಒಂದು ತೊಡಕಿದೆ. ಒಟ್ಟು 26 ಪ್ರಶ್ನೆ, ಪ್ರತಿಯೊಂದಕ್ಕೆ 1ರಿಂದ 5. ದೈಹಿಕ ಕ್ಷೇತ್ರಕ್ಕೆ 7, ಮಾನಸಿಕಕ್ಕೆ 6, ಸಾಮಾಜಿಕಕ್ಕೆ 3, ಪರಿಸರಕ್ಕೆ 8 ಪ್ರಶ್ನೆಗಳು. ಉಳಿದೆರಡು ಒಟ್ಟಾರೆ ಅಭಿಪ್ರಾಯದ್ದು. ಶೇಕಡಾ 20ಕ್ಕಿಂತ ಹೆಚ್ಚು ಖಾಲಿ ಇದ್ದರೆ ಹಾಳೆಯನ್ನೇ ಬಿಡಬೇಕು. ಅಂದರೆ ಕನಿಷ್ಠ 21 ಉತ್ತರ ಇರಲೇಬೇಕು. ಒಂದು ಕ್ಷೇತ್ರದಲ್ಲಿ ಎರಡಕ್ಕಿಂತ ಹೆಚ್ಚು ಖಾಲಿ ಇದ್ದರೆ ಆ ಕ್ಷೇತ್ರದ ಅಂಕ ಲೆಕ್ಕಹಾಕಬಾರದು ಎನ್ನುತ್ತದೆ ಕೈಪಿಡಿ (ಮೂರೇ ಪ್ರಶ್ನೆಗಳ ಸಾಮಾಜಿಕ ಕ್ಷೇತ್ರ ಇದಕ್ಕೆ ಹೊರತು). ಆದರೆ ಅದರ ಜೊತೆಗೇ ಕೊಟ್ಟಿರುವ ಎಸ್‌ಪಿಎಸ್‌ಎಸ್‌ ಆಜ್ಞೆಗಳು ಕೆಲವು ಕ್ಷೇತ್ರಗಳಲ್ಲಿ ಇನ್ನೂ ಬಿಗಿ: ದೈಹಿಕ ಕ್ಷೇತ್ರದಲ್ಲಿ 7ಕ್ಕೆ ಕನಿಷ್ಠ 6, ಮಾನಸಿಕದಲ್ಲಿ 6ಕ್ಕೆ 5, ಸಾಮಾಜಿಕದಲ್ಲಿ 3ಕ್ಕೆ 2, ಪರಿಸರದಲ್ಲಿ 8ಕ್ಕೆ 6 ಉತ್ತರ ಬೇಕು. ಒಬ್ಬರು ಮಾತನ್ನು ಪಾಲಿಸಿ, ಇನ್ನೊಬ್ಬರು ಆಜ್ಞೆಯನ್ನು ನಕಲು ಮಾಡಿದರೆ ಇಬ್ಬರ ಮಾದರಿಯ ಗಾತ್ರ ಬೇರೆಬೇರೆಯಾಗುತ್ತದೆ. ಯಾವುದನ್ನು ಅನುಸರಿಸಿದಿರಿ ಎಂದು ಬರೆಯುವುದು ಒಂದು ಸಾಲಿನ ಕೆಲಸ. (ಎಸ್‌ಪಿಎಸ್‌ಎಸ್‌ನಲ್ಲಿ ಸರಾಸರಿಯ ಆಜ್ಞೆಯ ಪಕ್ಕ ಚುಕ್ಕೆಯಿಟ್ಟು 6 ಎಂದು ಸೇರಿಸಿದರೆ ಕನಿಷ್ಠ ಆರು ಉತ್ತರ ಇದ್ದಾಗ ಮಾತ್ರ ಅಂಕ ಬರುತ್ತದೆ. ಆ ಚುಕ್ಕೆ ಮತ್ತು ಅಂಕಿ ಮರೆತರೆ ಏಳರಲ್ಲಿ ಒಂದೇ ಉತ್ತರ ಕೊಟ್ಟವರಿಗೂ ಅಂಕ ಸಿಕ್ಕಿಬಿಡುತ್ತದೆ.)

ತೊಡಕಿರುವುದು 21ನೆಯ ಪ್ರಶ್ನೆಯಲ್ಲಿ. ಲೈಂಗಿಕ ಜೀವನ ಎಷ್ಟು ತೃಪ್ತಿಕರವಾಗಿದೆ ಎಂದು ಅದು ಕೇಳುತ್ತದೆ. ಮದುವೆಯಾಗದವರು, ಸಂಗಾತಿಯನ್ನು ಕಳೆದುಕೊಂಡವರು, ಹಿರಿಯರು, ಪಕ್ಕದಲ್ಲಿ ಅತ್ತೆಯೋ ಮಗನೋ ಕೂತಿರುವಾಗ ಹಾಳೆ ತುಂಬುತ್ತಿರುವವರು ಅದನ್ನು ದಾಟಿ ಮುಂದೆ ಹೋಗುವುದು ಸಹಜ. ಸಾಮಾಜಿಕ ಕ್ಷೇತ್ರದಲ್ಲಿ ಇರುವುದೇ ಮೂರು ಪ್ರಶ್ನೆ: ಸಂಬಂಧಗಳು, ಲೈಂಗಿಕ ಜೀವನ, ಸ್ನೇಹಿತರ ಬೆಂಬಲ. ಒಬ್ಬರು ಮೊದಲ ಮತ್ತು ಮೂರನೆಯದಕ್ಕೆ 4 ಹಾಕಿ ನಡುವಿನದನ್ನು ಬಿಟ್ಟರೆ ಸರಾಸರಿ 4. ಅದನ್ನು 0-100ರ ಅಳತೆಗೆ ತಂದರೆ 75. ಅವರು ಉತ್ತರಿಸಿ, ಆ ಉತ್ತರ 1 ಆಗಿದ್ದಿದ್ದರೆ ಸರಾಸರಿ 3, ಅಂಕ 50. ಒಂದು ಖಾಲಿ ಜಾಗ 25 ಅಂಕದ ವ್ಯತ್ಯಾಸ ಮಾಡಬಲ್ಲದು. ವಿವಾಹಿತರ ಮತ್ತು ಅವಿವಾಹಿತರ ಸಾಮಾಜಿಕ ಅಂಕಗಳನ್ನು ಹೋಲಿಸುವ ಪ್ರಬಂಧದಲ್ಲಿ ಒಂದು ಗುಂಪಿನದು ಮೂರು ಪ್ರಶ್ನೆಗಳ ಅಂಕ, ಇನ್ನೊಂದರದು ಹೆಚ್ಚುಕಡಿಮೆ ಎರಡೇ ಪ್ರಶ್ನೆಗಳ ಅಂಕ. ಎರಡು ಗುಂಪುಗಳ ಸರಾಸರಿಯನ್ನು ಹೋಲಿಸುವ ಟಿ-ಪರೀಕ್ಷೆಗೆ ಇದು ಗೊತ್ತಾಗುವುದಿಲ್ಲ. ಇಂಥ ಕಡೆ ನಮ್ಮ ಸಲಹೆ ಇಷ್ಟು: ಎರಡೂ ಗುಂಪಿನಲ್ಲಿ 21ನೆಯದನ್ನು ಎಷ್ಟು ಮಂದಿ ಬಿಟ್ಟರು ಎಂದು ಬೇರೆಬೇರೆಯಾಗಿ ಬರೆಯಿರಿ, ನಿಯಮದ ಪ್ರಕಾರ ಒಮ್ಮೆ, ಎಲ್ಲರಿಗೂ 20 ಮತ್ತು 22ನೆಯ ಪ್ರಶ್ನೆಗಳನ್ನು ಮಾತ್ರ ಇಟ್ಟುಕೊಂಡು ಇನ್ನೊಮ್ಮೆ ಹೋಲಿಸಿ, ಎರಡು ಉತ್ತರ ಬೇರೆ ಬಂದರೆ ಅದನ್ನೂ ಹೇಳಿ. ಜೊತೆಗೆ, ಹಾಳೆಯನ್ನು ಒಬ್ಬರೇ ಕೂತು ತುಂಬಲು ಜಾಗ ಮಾಡಿಕೊಡಿ.

ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ 1976ರಲ್ಲಿ ಖಾಲಿ ಉತ್ತರಗಳನ್ನು ವಿಂಗಡಿಸಲು ಕೊಟ್ಟ ದಾರಿ ಇಂದಿಗೂ ಎಲ್ಲರೂ ಹಿಡಿಯುವ ದಾರಿ. ಪುಟ ಅಂಟಿಕೊಂಡು ಯಾರದ್ದೋ ಕೆಲವು ಉತ್ತರ ತಪ್ಪಿಹೋದರೆ ಅದು ಶುದ್ಧ ಆಕಸ್ಮಿಕ; ಉಳಿದವರು ಇಡೀ ಗುಂಪಿನ ಸಾಚಾ ಮಾದರಿಯೇ. ವಯಸ್ಸಾದವರು ಹೆಚ್ಚು ಬಿಡುತ್ತಾರೆ, ಆದರೆ ಒಂದೇ ವಯಸ್ಸಿನವರಲ್ಲಿ ಬಿಟ್ಟವರಿಗೂ ಬಿಡದವರಿಗೂ ವ್ಯತ್ಯಾಸವಿಲ್ಲ ಎಂದಾದರೆ, ವಯಸ್ಸು ನಮ್ಮ ಕೈಯಲ್ಲಿರುವುದರಿಂದ ಲೆಕ್ಕವನ್ನು ಸರಿದೂಗಿಸಬಹುದು. ಮೂರನೆಯದೇ ಕಠಿಣ: ಉತ್ತರ ಏನಾಗಿರುತ್ತಿತ್ತೋ ಅದೇ ಕಾರಣಕ್ಕೆ ಉತ್ತರ ಬಾರದಿರುವುದು. ಹೆಚ್ಚು ಕುಡಿಯುವವರು ಕುಡಿತದ ಪ್ರಶ್ನೆಯನ್ನು, ತೀವ್ರವಾಗಿ ಕುಗ್ಗಿದವರು ಕೊನೆಯ ಪುಟವನ್ನೇ ಬಿಡುವುದು ಈ ಬಗೆ. ಮೊದಲ ಬಗೆಯೇ ಹೌದೋ ಎಂದು ನೋಡಲು ಸಂಖ್ಯಾಶಾಸ್ತ್ರಜ್ಞ ಲಿಟಲ್ ಅವರ 1988ರ ಪರೀಕ್ಷೆ ಎಸ್‌ಪಿಎಸ್‌ಎಸ್‌ನಲ್ಲೇ ಸಿಗುತ್ತದೆ, ವಿದ್ಯಾರ್ಥಿಗಳು ಅದನ್ನು ಓಡಿಸಿ ‘ಗಮನಾರ್ಹವಲ್ಲ’ (ಅಂದರೆ ಆಕಸ್ಮಿಕವಲ್ಲ ಎನ್ನಲು ಪುರಾವೆ ಸಿಗಲಿಲ್ಲ) ಎಂದು ಬಂದ ಕೂಡಲೇ ನಿಟ್ಟುಸಿರು ಬಿಡುತ್ತಾರೆ. ಚಿಕ್ಕ ಮಾದರಿಯಲ್ಲಿ ಆ ಪರೀಕ್ಷೆಗೆ ಹಿಡಿಯುವ ಶಕ್ತಿಯೇ ಕಡಿಮೆ. ಎರಡನೆಯದೋ ಮೂರನೆಯದೋ ಎಂಬುದನ್ನಂತೂ ಕೈಯಲ್ಲಿರುವ ಡೇಟಾ ಮಾತ್ರದಿಂದ ಹೇಳಬಲ್ಲ ಪರೀಕ್ಷೆ ಯಾವುದೂ ಇಲ್ಲ. ಅಲ್ಲಿ ವಿಷಯದ ಅರಿವು, ಮತ್ತು ಹಾಳೆ ತುಂಬಿಸಿಕೊಂಡ ಸಹಾಯಕರ ಟಿಪ್ಪಣಿ, ಇವೆರಡೇ ಆಧಾರ.

ಖಾಲಿ ಇರುವ ಎಲ್ಲ ಹಾಳೆಗಳನ್ನು ತೆಗೆದುಹಾಕಿದರೆ ಸರಿಹೋಯಿತಲ್ಲ ಎನ್ನುವವರಿದ್ದಾರೆ. 26 ಪ್ರಶ್ನೆಗಳಲ್ಲಿ ಒಂದೊಂದನ್ನೂ ಜನ ಬರೀ ಶೇಕಡಾ 3ರಷ್ಟು ಸಲ, ಅದೂ ಒಂದಕ್ಕೊಂದು ಸಂಬಂಧವಿಲ್ಲದೆ ಬಿಟ್ಟರೂ, ಪೂರ್ತಿ ತುಂಬಿದ ಹಾಳೆಗಳು ಶೇಕಡಾ 45 ಮಾತ್ರ ಉಳಿಯುತ್ತವೆ, 0.97ನ್ನು 26 ಸಲ ಗುಣಿಸಿ ನೋಡಿ. 300 ಜನರನ್ನು ಹುಡುಕಿಕೊಂಡು ಊರೂರು ತಿರುಗಿ ಕೊನೆಗೆ ಸುಮಾರು 136 ಜನರ ಮೇಲೆ ತೀರ್ಮಾನ ಬರೆದಂತಾಯಿತು. ಹಾಗೆ ಉಳಿಯುವವರು ಓದು ಚೆನ್ನಾಗಿ ಬಲ್ಲವರು, ಸಮಯ ಇರುವವರು, ಮನಸ್ಸು ನೆಮ್ಮದಿಯಾಗಿರುವವರು ಆಗಿರುವ ಸಂಭವ ಹೆಚ್ಚು. ಅಂಥವರಲ್ಲಿ ಖಿನ್ನತೆ ಕಡಿಮೆ ಕಂಡರೆ ಅಚ್ಚರಿಯೇನು?

ಇದಕ್ಕೆ ತದ್ವಿರುದ್ಧವಾದ, ನಮ್ಮ ಪ್ರಕಾರ ಇನ್ನೂ ಕೆಟ್ಟ ಅಭ್ಯಾಸವೆಂದರೆ ಪ್ರತಿ ಖಾಲಿ ಜಾಗಕ್ಕೂ ಆ ಪ್ರಶ್ನೆಗೆ ಇಡೀ ಗುಂಪು ಕೊಟ್ಟ ಸರಾಸರಿಯನ್ನು ತುಂಬುವುದು. ಎಸ್‌ಪಿಎಸ್‌ಎಸ್‌ನಲ್ಲಿ ಎರಡು ಕ್ಲಿಕ್‌ಗೆ ಆಗಿಬಿಡುತ್ತದೆ ಎಂಬುದೇ ಇದರ ಜನಪ್ರಿಯತೆಗೆ ಕಾರಣ. 100 ಜನರಲ್ಲಿ 20 ಮಂದಿಯ ಅಂಕ ಇಲ್ಲ, ಉಳಿದ 80ರ ಮಾನಕ ವಿಚಲನೆ, ಅಂದರೆ ಅಂಕಗಳ ಚದುರುವಿಕೆಯ ಅಳತೆ, 5 ಎಂದುಕೊಳ್ಳಿ. ಇಪ್ಪತ್ತು ಜಾಗಕ್ಕೂ ಸರಾಸರಿ ತುಂಬಿದರೆ ಮಾನಕ ವಿಚಲನೆ ಸುಮಾರು 4.47ಕ್ಕೆ ಇಳಿಯುತ್ತದೆ. ಸರಾಸರಿಯ ಮಾನಕ ದೋಷ, ಅಂದರೆ ಆ ಸರಾಸರಿ ಎಷ್ಟು ಅನಿಶ್ಚಿತ ಎಂಬುದರ ಅಳತೆ, ಪ್ರಾಮಾಣಿಕವಾಗಿ 0.56 ಇರಬೇಕಾದದ್ದು 0.45 ಎಂದು ಬರುತ್ತದೆ, ಏಕೆಂದರೆ ಚದುರುವಿಕೆ ಕುಗ್ಗಿದ್ದಷ್ಟೇ ಅಲ್ಲದೆ ಇಲ್ಲದ ಇಪ್ಪತ್ತು ಜನರನ್ನೂ ತಲೆ ಎಣಿಕೆಗೆ ಸೇರಿಸಿದ್ದೇವೆ. ಸಹಸಂಬಂಧಗಳೂ ಸೊನ್ನೆಯ ಕಡೆಗೆ ಜಗ್ಗುತ್ತವೆ. ಗಮನಾರ್ಹವಲ್ಲದ ವ್ಯತ್ಯಾಸ ಗಮನಾರ್ಹವಾಗಿ ಕಾಣುವುದಕ್ಕೆ ಇಷ್ಟು ಸಾಕು.

ಮೊದಲು ಹೇಳಿದ ವ್ಯಕ್ತಿಯದೇ ಸರಾಸರಿ ಇದಕ್ಕಿಂತ ಎಷ್ಟೋ ಮೇಲು. ಒಂದು ಮಾಪಕದ ಪ್ರಶ್ನೆಗಳೆಲ್ಲ ಒಂದೇ ಗುಣವನ್ನು ಅಳೆಯುತ್ತಿದ್ದು, ಖಾಲಿ ಒಂದೋ ಎರಡೋ ಆಗಿದ್ದರೆ ಕೆಲಸ ನಡೆಯುತ್ತದೆ. ಅರ್ಧದಷ್ಟು ಉತ್ತರ ಇದ್ದರೆ ಸಾಕು ಎಂಬ ಸಡಿಲ ನಿಯಮವನ್ನು ಕೆಲವು ಮಾಪಕಗಳ ಕೈಪಿಡಿಗಳು ಒಪ್ಪುತ್ತವೆ. ಆದರೆ ಅದರಲ್ಲೂ ಎರಡು ದೋಷಗಳಿವೆ: ಸುಲಭವಾಗಿ ‘ಹೌದು’ ಎನ್ನಿಸಿಕೊಳ್ಳುವ ಪ್ರಶ್ನೆಗೂ ಅಪರೂಪಕ್ಕೆ ‘ಹೌದು’ ಎನ್ನಿಸಿಕೊಳ್ಳುವ ಪ್ರಶ್ನೆಗೂ ಅದು ಭೇದ ಮಾಡುವುದಿಲ್ಲ, ಮತ್ತು ಒಬ್ಬ ವ್ಯಕ್ತಿಯ ಉತ್ತರಗಳು ಇರುವುದಕ್ಕಿಂತ ಹೆಚ್ಚು ಒಂದೇ ತೆರನಾಗಿ ಕಾಣುವಂತೆ ಮಾಡುವುದರಿಂದ ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಅಳೆಯುವ ಕ್ರೋನ್‌ಬಾಕ್ ಆಲ್ಫಾ ಸುಳ್ಳೇ ಏರುತ್ತದೆ. ಮೊದಲನೆಯ ದೋಷಕ್ಕೆ ಕೈಯಲ್ಲೇ ಮಾಡಬಹುದಾದ ಪರಿಹಾರವಿದೆ. ವ್ಯಕ್ತಿಯ ಸರಾಸರಿಗೆ ಆ ಪ್ರಶ್ನೆಯ ಸರಾಸರಿಯನ್ನು ಕೂಡಿಸಿ, ಎಲ್ಲರ ಎಲ್ಲ ಉತ್ತರಗಳ ಒಟ್ಟು ಸರಾಸರಿಯನ್ನು ಕಳೆಯಿರಿ. ವ್ಯಕ್ತಿಯದು 1.125, ಪ್ರಶ್ನೆಯದು 0.3, ಒಟ್ಟಾರೆ 0.9 ಇದ್ದರೆ ಸಿಗುವುದು 0.525, ಒಂಬತ್ತನೆಯ ಪ್ರಶ್ನೆಯಂಥದ್ದಕ್ಕೆ ಇದು 1.125ಕ್ಕಿಂತ ನಂಬಲರ್ಹ. ಇದಕ್ಕೆ ಸಣ್ಣ ಯಾದೃಚ್ಛಿಕ ಏರಿಳಿತವನ್ನೂ ಸೇರಿಸಿದರೆ ಆಲ್ಫಾದ ಉಬ್ಬು ಬಹುಮಟ್ಟಿಗೆ ಇಳಿಯುತ್ತದೆ. ಆಲ್ಫಾವನ್ನು ತುಂಬಿದ ಡೇಟಾದ ಮೇಲೆ ಮಾತ್ರ ಲೆಕ್ಕಹಾಕಿ ‘0.91 ಬಂತು’ ಎಂದು ಹೆಮ್ಮೆಪಡುವ ಪ್ರಬಂಧಗಳನ್ನು ಮಾರ್ಗದರ್ಶಕರು ಒಮ್ಮೆ ಹಿಂದಕ್ಕೆ ಕಳಿಸುವುದು ಒಳ್ಳೆಯದು.

ಖಾಲಿ ಶೇಕಡಾ 5ನ್ನು ದಾಟಿದರೆ, ಅಥವಾ ಒಂದು ಗುಂಪಿನಲ್ಲೇ ಹೆಚ್ಚಾಗಿ ಸೇರಿಕೊಂಡಿದ್ದರೆ, ರೂಬಿನ್ ಅವರದೇ ಇನ್ನೊಂದು ಕೊಡುಗೆಯಾದ ಬಹು ಆರೋಪಣೆಯನ್ನು (ಮಲ್ಟಿಪಲ್ ಇಂಪ್ಯುಟೇಶನ್) ಬಳಸಬೇಕು ಎಂಬುದು ನಮ್ಮ ಅಭಿಪ್ರಾಯ. (ಶೇಕಡಾ 5 ಎಂಬುದು ಶಾಸನವೇನಲ್ಲ, ಕೆಲಸಕ್ಕೆ ಬರುವ ಗಡಿ ಅಷ್ಟೆ.) ಪ್ರತಿ ಖಾಲಿ ಜಾಗಕ್ಕೂ ಒಂದೇ ಊಹೆಯ ಬದಲು ಹಲವು ಊಹೆಗಳನ್ನು, ಅವುಗಳ ಅನಿಶ್ಚಿತತೆಯ ಸಮೇತ ತುಂಬಿ, ಹಲವು ಪೂರ್ಣ ಡೇಟಾ ಕಡತಗಳನ್ನು ಮಾಡಿಕೊಳ್ಳುವುದು ಇದರ ಬಗೆ. ಆರ್‌ನ ಮೈಸ್ ಪ್ಯಾಕೇಜ್ ಇದಕ್ಕೆ ಉಚಿತವಾಗಿ ಸಿಗುವ ಸಾಧನ. ಅದು ತಾನಾಗಿ ಐದು ಕಡತ ಮಾಡುತ್ತದೆ, ಅಷ್ಟಕ್ಕೇ ನಿಲ್ಲಬೇಡಿ. ನೂರಕ್ಕೆ ಎಷ್ಟು ಹಾಳೆಗಳಲ್ಲಿ ಏನಾದರೂ ಖಾಲಿ ಇದೆಯೋ ಅಷ್ಟು ಕಡತ ಮಾಡಿ ಎಂಬ ರೂಢಿ ಈಗ ಹೆಚ್ಚು ಒಪ್ಪಿತ: ಶೇಕಡಾ 20 ಹಾಳೆಗಳಲ್ಲಿ ಖಾಲಿ ಇದ್ದರೆ 20 ಕಡತ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಮುಗಿಯುವ ಕೆಲಸ.

ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ಇಪ್ಪತ್ತು ಕಡತಗಳನ್ನು ಸರಾಸರಿ ಮಾಡಿ ಒಂದೇ ಕಡತಕ್ಕೆ ಇಳಿಸಿ ವಿಶ್ಲೇಷಣೆ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ. ವಿಶ್ಲೇಷಣೆಯನ್ನು ಇಪ್ಪತ್ತು ಸಲ, ಒಂದೊಂದು ಕಡತದ ಮೇಲೂ ಮಾಡಿ, ಫಲಿತಾಂಶಗಳನ್ನು ಕೂಡಿಸಬೇಕು. ಅಂದಾಜುಗಳ ಸರಾಸರಿಯೇ ಕೊನೆಯ ಅಂದಾಜು. ವಿಚಲನಾಂಶಕ್ಕೆ (ಮಾನಕ ದೋಷದ ವರ್ಗಕ್ಕೆ) ಮಾತ್ರ ಎರಡು ಭಾಗ: ಕಡತಗಳ ಒಳಗಿನದರ ಸರಾಸರಿ, ಅದರ ಮೇಲೆ ಕಡತಗಳ ನಡುವಿನ ವ್ಯತ್ಯಾಸವನ್ನು ‘1 ಕೂಡು ಕಡತಗಳ ಸಂಖ್ಯೆಯಲ್ಲಿ ಒಂದು ಭಾಗ’ದಿಂದ ಗುಣಿಸಿ ಸೇರಿಸುವುದು. ಒಳಗಿನದು 0.25, ನಡುವಿನದು 0.04 ಇದ್ದು ಕಡತ 20 ಆದರೆ 0.25 ಕೂಡು 1.05 ಗುಣಿಸು 0.04, ಒಟ್ಟು 0.292, ಮಾನಕ ದೋಷ 0.50ರ ಬದಲು 0.54. ಆ ನೂರರ ನಾಲ್ಕಂಶವೇ ‘ನಮಗೆ ಇವರ ಉತ್ತರ ಗೊತ್ತಿಲ್ಲ’ ಎಂಬ ಮಾತಿನ ಲೆಕ್ಕರೂಪ.

ಆರೋಪಣೆಯ ಮಾದರಿಯಲ್ಲಿ ಏನೇನು ಸೇರಿಸಬೇಕು ಎಂಬಲ್ಲೂ ಗೊಂದಲವಿದೆ. ಮುಂದೆ ಯಾವ ಸಂಬಂಧವನ್ನು ಪರೀಕ್ಷಿಸುತ್ತೀರೋ ಅದರ ಎರಡೂ ಕಡೆಯ ಅಂಶಗಳು ಅದರಲ್ಲಿ ಇರಲೇಬೇಕು. ಫಲಿತಾಂಶದ ಅಂಶವನ್ನು ಸೇರಿಸುವುದು ಮೋಸವಾಗುತ್ತದೆಂದು ಹೆದರಿ ಬಿಟ್ಟರೆ ಆ ಸಂಬಂಧವೇ ಕೃತಕವಾಗಿ ದುರ್ಬಲವಾಗುತ್ತದೆ. ವಯಸ್ಸು, ಓದು, ಯಾರು ಸಂದರ್ಶನ ಮಾಡಿದರು, ಹಾಳೆ ತುಂಬಲು ಎಷ್ಟು ಹೊತ್ತು ಹಿಡಿಯಿತು, ಇವು ವಿಶ್ಲೇಷಣೆಗೆ ಬೇಡವಾದರೂ ಇಲ್ಲಿ ಉಪಯುಕ್ತ. ಸಾಧ್ಯವಾದಷ್ಟು ಪ್ರಶ್ನೆಯ ಮಟ್ಟದಲ್ಲೇ ತುಂಬಿ ಆಮೇಲೆ ಮೊತ್ತ ಮಾಡಿ. ಒಂಬತ್ತರಲ್ಲಿ ಒಂದು ಖಾಲಿ ಎಂದು ಮೊತ್ತವನ್ನೇ ಖಾಲಿ ಮಾಡಿದರೆ ಕೈಯಲ್ಲಿದ್ದ ಎಂಟು ಉತ್ತರಗಳನ್ನು ಎಸೆದಂತೆ. 1.37 ಎಂದು ಬಂದದ್ದನ್ನು 1ಕ್ಕೆ ಇಳಿಸುವ ಗೋಜಿಗೆ ಹೋಗಬೇಡಿ, ಅದು ಸರಾಸರಿಗಳನ್ನು ಓರೆಯಾಗಿಸುತ್ತದೆ; ಪೂರ್ಣ ಸಂಖ್ಯೆಯೇ ಬೇಕೆಂದಿದ್ದರೆ, ಹೋಲುವ ವ್ಯಕ್ತಿಯ ನಿಜ ಉತ್ತರವನ್ನೇ ಎರವಲು ತರುವ ವಿಧಾನ ಮೈಸ್‌ನಲ್ಲಿ ಇದೆ, ಸಂಖ್ಯಾರೂಪದ ಉತ್ತರಗಳಿಗೆ ಅದು ತಾನಾಗಿ ಆರಿಸಿಕೊಳ್ಳುವುದೂ ಅದನ್ನೇ. ರಚನಾತ್ಮಕ ಸಮೀಕರಣ ಮಾದರಿಗಳಲ್ಲಿ ಕೆಲಸ ಮಾಡುವವರಿಗೆ, ಖಾಲಿ ತುಂಬದೆಯೇ ಇರುವ ಉತ್ತರಗಳೆಲ್ಲವನ್ನೂ ಬಳಸುವ ಪೂರ್ಣ ಮಾಹಿತಿಯ ಗರಿಷ್ಠ ಸಂಭಾವ್ಯತಾ ವಿಧಾನ ಇದೆ. ಫಲಿತಾಂಶ ಹೆಚ್ಚುಕಡಿಮೆ ಒಂದೇ.

ಇವೆಲ್ಲವೂ ಎರಡನೆಯ ಬಗೆಯ ಖಾಲಿಗಳಿಗೆ ಹೇಳಿ ಮಾಡಿಸಿದವು. ಮೂರನೆಯ ಬಗೆಯ ಅನುಮಾನ ಇದ್ದಾಗ, ಅಂದರೆ ಕುಗ್ಗಿದವರೇ ಬಿಟ್ಟಿರಬಹುದು ಎನ್ನಿಸಿದಾಗ, ತುಂಬಿದ ಅಂಕಗಳಿಗೆ ಬೇಕೆಂದೇ 0.25, 0.5, 0.75 ಎಂದು ಸೇರಿಸುತ್ತಾ ಹೋಗಿ ತೀರ್ಮಾನ ಎಲ್ಲಿ ಮಗುಚುತ್ತದೆ ಎಂದು ನೋಡಬೇಕು. ಅರ್ಧ ಅಂಕಕ್ಕೇ ಮಗುಚಿದರೆ ಆ ತೀರ್ಮಾನವನ್ನು ಪತ್ರಿಕೆಯ ತಲೆಬರಹಕ್ಕೆ ಕೊಡುವ ಮೊದಲು ಎರಡು ಸಲ ಯೋಚಿಸುವುದು ಒಳಿತು.

ವ್ಯಕ್ತಿತ್ವ ಪರೀಕ್ಷೆಗಳಲ್ಲಿ ಖಾಲಿ ಜಾಗವೇ ಒಂದು ಸುಳಿವು. 567 ‘ಹೌದು-ಅಲ್ಲ’ ಹೇಳಿಕೆಗಳಿರುವ ಎಂಎಂಪಿಐ-2ರಲ್ಲಿ ಬಿಟ್ಟ ಹೇಳಿಕೆಗಳನ್ನು ಬೇರೆಯಾಗಿ ಎಣಿಸುತ್ತಾರೆ, 30 ಅಥವಾ ಅದಕ್ಕಿಂತ ಹೆಚ್ಚಾದರೆ ಇಡೀ ಪರೀಕ್ಷೆ ಅಸಿಂಧು ಎಂದು ನೋಡುತ್ತಾರೆ. ಸಾಮರ್ಥ್ಯ ಪರೀಕ್ಷೆಗಳಲ್ಲಿ ಕತೆ ಬೇರೆ: ನಡುವೆ ಬಿಟ್ಟದ್ದು ಒಂದು, ಸಮಯ ಮುಗಿದು ತಲುಪದೇ ಹೋದದ್ದು ಇನ್ನೊಂದು. ಅಂತರರಾಷ್ಟ್ರೀಯ ಪಿಸಾ ಪರೀಕ್ಷೆಯಲ್ಲಿ ಮೊದಲು ವಿದ್ಯಾರ್ಥಿಗಳ ಅಂಕ ಲೆಕ್ಕಹಾಕುವಾಗ ತಲುಪದ ಪ್ರಶ್ನೆಗಳನ್ನೂ ತಪ್ಪು ಎಂದೇ ಎಣಿಸುತ್ತಿದ್ದರು, 2015ರಿಂದ ಅವನ್ನು ಕೊಟ್ಟೇ ಇಲ್ಲ ಎಂಬಂತೆ ನೋಡುತ್ತಾರೆ. ನಮ್ಮ ಶಾಲಾ ಮಟ್ಟದ ಬುದ್ಧಿಮತ್ತೆ ಪರೀಕ್ಷೆಗಳ ಉತ್ತರ ಹಾಳೆಯಲ್ಲಿ ಕೊನೆಯದಾಗಿ ಮುಟ್ಟಿದ ಪ್ರಶ್ನೆಯ ಸಂಖ್ಯೆಯನ್ನು ಮೂಲೆಯಲ್ಲಿ ಬರೆದಿಟ್ಟುಕೊಂಡರೆ ಈ ಎರಡನ್ನು ಬೇರ್ಪಡಿಸಬಹುದು.

ಗೂಗಲ್ ಫಾರ್ಮ್‌ನಲ್ಲಿ ಎಲ್ಲ ಪ್ರಶ್ನೆಯನ್ನೂ ‘ಕಡ್ಡಾಯ’ ಮಾಡಿದರೆ ಖಾಲಿಯೇ ಬರುವುದಿಲ್ಲವಲ್ಲ ಎಂಬ ಮಾತು ಈಗ ಸಾಮಾನ್ಯ. ಖಾಲಿ ಬರುವುದಿಲ್ಲ ನಿಜ. ಬದಲಿಗೆ ಸಾಲಾಗಿ ನಡುವಿನ ಗುಂಡಿ ಒತ್ತಿದ ಉತ್ತರಗಳು ಬರುತ್ತವೆ, ಅಥವಾ ಜನ ಅರ್ಧದಲ್ಲಿ ಫಾರ್ಮ್ ಮುಚ್ಚಿ ಹೋಗುತ್ತಾರೆ, ಅವರು ಬಂದಿದ್ದರು ಎಂಬ ಗುರುತೂ ಉಳಿಯುವುದಿಲ್ಲ. ಖಾಲಿ ಜಾಗ ಕಣ್ಣಿಗೆ ಕಾಣುತ್ತದೆ, ಸುಳ್ಳು ಉತ್ತರ ಕಾಣುವುದಿಲ್ಲ. ಅದಲ್ಲದೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಗಳ ತಳಹದಿಯೇ ಸ್ವಯಂಪ್ರೇರಿತ ಭಾಗವಹಿಸುವಿಕೆ. ಸಮ್ಮತಿ ಪತ್ರದಲ್ಲಿ ‘ಇಷ್ಟವಿಲ್ಲದ ಪ್ರಶ್ನೆಗೆ ಉತ್ತರಿಸಬೇಕಿಲ್ಲ’ ಎಂದು ಬರೆದು, ಮುಂದಿನ ಪುಟದಲ್ಲಿ ಉತ್ತರಿಸದೆ ಮುಂದೆ ಹೋಗಲು ಬಿಡದಿರುವುದು ಕೊಟ್ಟ ಮಾತಿಗೆ ತಪ್ಪಿದಂತೆ. ಕಡ್ಡಾಯ ಮಾಡುವ ಬದಲು ಪುಟದ ಕೊನೆಯಲ್ಲಿ ‘ಈ ಪ್ರಶ್ನೆ ಬಿಟ್ಟಿದ್ದೀರಿ, ಬೇಕೆಂದೇ ಬಿಟ್ಟಿರಾ?’ ಎಂದು ಒಮ್ಮೆ ನೆನಪಿಸುವ ಸಾಫ್ಟ್‌ವೇರ್‌ಗಳಿವೆ, ಅವನ್ನು ಬಳಸಬಹುದು.

ವಿಶ್ವವಿದ್ಯಾಲಯಗಳ ಮಂಡಳಿಗಳಿಗೆ ನಮ್ಮ ಕೋರಿಕೆ ಒಂದೇ: ಪ್ರಬಂಧದ ಸಾರಲೇಖ ಒಪ್ಪಿಸುವಾಗಲೇ, ಡೇಟಾ ಸಂಗ್ರಹಕ್ಕೆ ಮೊದಲು, ಖಾಲಿ ಉತ್ತರಗಳನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂದು ಅರ್ಧ ಪುಟ ಬರೆಸಿಕೊಳ್ಳಿ. ಫಲಿತಾಂಶ ನೋಡಿದ ಮೇಲೆ ನಿಯಮ ಆರಿಸಿಕೊಳ್ಳುವ ಅವಕಾಶ ಇದ್ದರೆ, ಅನುಕೂಲವಾದ ನಿಯಮವೇ ಆಯ್ಕೆಯಾಗುತ್ತದೆ. ಸಲ್ಲಿಸುವ ಪ್ರಬಂಧದಲ್ಲಿ ಪ್ರತಿ ಪ್ರಶ್ನೆಗೆ ಎಷ್ಟು ಖಾಲಿ, ಎಷ್ಟು ಹಾಳೆ ಕೈಬಿಟ್ಟಿರಿ, ಬಿಟ್ಟವರ ವಯಸ್ಸು ಮತ್ತು ಲಿಂಗ ಉಳಿದವರಿಗಿಂತ ಬೇರೆಯೇ, ಯಾವ ವಿಧಾನ, ಎಷ್ಟು ಕಡತ, ಯಾವ ತಂತ್ರಾಂಶದ ಯಾವ ಆವೃತ್ತಿ ಎಂಬ ಒಂದು ಕೋಷ್ಟಕ ಇರಲಿ.

ಸಂಪಾದಕರೇ, ನಿಮ್ಮ ವರದಿಗಾರರಿಗೂ ಒಂದು ಮಾತು. ಮಾನಸಿಕ ಆರೋಗ್ಯದ ಸಮೀಕ್ಷೆಯ ಅಂಕಿ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಲಿ: ಎಷ್ಟು ಮಂದಿಗೆ ಹಾಳೆ ಕೊಟ್ಟಿರಿ, ಎಷ್ಟು ಹಾಳೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಿ, ಬಿಟ್ಟ ಉತ್ತರಗಳಿಗೆ ಏನು ಹಾಕಿದಿರಿ. ಮೂರನೆಯದಕ್ಕೆ ‘ಏನೂ ಹಾಕಿಲ್ಲ, ಎಕ್ಸೆಲ್‌ನಲ್ಲಿ ಕೂಡಿಸಿದೆವು’ ಎಂಬ ಉತ್ತರ ಬಂದರೆ, ಆ ಹಾಳೆಗಳನ್ನು ಮತ್ತೊಮ್ಮೆ ಎಣಿಸಿದ ಮೇಲೆ ಬನ್ನಿ ಎಂದು ಹೇಳಲು ಸಂಕೋಚ ಬೇಡ.

ಇಂತಿ,
ಮನಃಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ವಿಭಾಗಗಳ ಇಬ್ಬರು ಅಧ್ಯಾಪಕರು
ಮೈಸೂರು